ಅಕ್ಕನ ಪರೀಕ್ಷೆಯ ದಿನ ರೊಟ್ಟಿ ಬಡಿದವರು

ನಾನು ಚಿಕ್ಕವನಿದ್ದಾಗ ನಮ್ಮ ಮನೆಯ ಗಂಡಸರು ಒಲೆಯ ಹತ್ತಿರ ಹೋಗುತ್ತಿದ್ದುದು ಬೀಡಿ ಹಚ್ಚಿಕೊಳ್ಳಲು ಮಾತ್ರ. ಹಸಿವಾದರೆ ಪಡಸಾಲೆಯಲ್ಲಿ ಕೂತು ಒಮ್ಮೆ ಕೆಮ್ಮಿದರೆ ಸಾಕು, ಒಳಗಿನಿಂದ ತಾಟು ಬರುತ್ತಿತ್ತು. ನಾನಾಗ ಆರನೇ ಇಯತ್ತೆಯ ಹುಡುಗ. ಮೀಸೆ ಬಂದಿರಲಿಲ್ಲ, ಆದರೆ ಆ ಕೆಮ್ಮು ಮಾತ್ರ ಚೆನ್ನಾಗಿ ಬರುತ್ತಿತ್ತು. ನಗಬೇಡಿ ಮಕ್ಕಳೇ, ಹಾಗೆ ಕೆಮ್ಮುತ್ತಿದ್ದವನು ಒಂದು ದಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯಬೇಕಾಗಿ ಬಂತು. ಅದನ್ನೇ ಈಗ ಹೇಳುತ್ತೇನೆ.

ಎಪ್ಪತ್ತರ ದಶಕದ ಮಾತಿದು. ನಮ್ಮೂರು ಹುನಗುಂದದಿಂದ ಎರಡು ಹರದಾರಿ ದೂರ, ರಾಮಥಾಳದ ದಿಕ್ಕಿನಲ್ಲಿತ್ತು. ಕಪ್ಪು ಮಣ್ಣಿನ ಹೊಲ, ಬಿಳಿಜೋಳ, ಮಣ್ಣಿನ ಮಾಳಿಗೆಯ ಮನೆಗಳು. ಮನೆಯಲ್ಲಿ ಅಪ್ಪ, ಅವ್ವ, ಅಕ್ಕ, ನಾನು ಮತ್ತು ಅಪ್ಪನ ತಾಯಿ, ನಮ್ಮ ಆಯಿ. ಅಕ್ಕ ದಿನವೂ ಬಸ್ಸಿನಲ್ಲಿ ಹುನಗುಂದಕ್ಕೆ ಹೋಗಿ ಹತ್ತನೇ ಇಯತ್ತೆ ಓದುತ್ತಿದ್ದಳು. ಊರಿನಿಂದ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ಅವಳೊಬ್ಬಳೇ. ಅವಳು ಬಸ್ಸಿಗೆ ನಿಂತಾಗ ಕಟ್ಟೆಯ ಮೇಲಿನ ಹಿರಿಯರು ಅಪ್ಪನನ್ನು ಕರೆದು, ಇನ್ನೂ ಎಷ್ಟು ಓದಿಸುತ್ತೀ ಎಂದು ಕೇಳುತ್ತಿದ್ದರು. ಅಪ್ಪ ಪ್ರತಿಸಲವೂ, ಇದೊಂದು ವರ್ಷ, ಎನ್ನುತ್ತಿದ್ದ.

ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ ಇತ್ತು. ಆ ಕಡೆ ಚಾಚಾ, ಚಾಚಿ. ಚಾಚಾ ಹತ್ತಿ ಹಿಂಜುವ ಕಸುಬಿನವನು, ಬಿಲ್ಲು ಹೆಗಲಿಗೇರಿಸಿಕೊಂಡು ಊರೂರು ತಿರುಗಿ ಗಾದಿ ತುಂಬಿಕೊಡುತ್ತಿದ್ದ. ಅವನು ಮನೆಗೆ ಬಂದಾಗ ಅವನ ಹುಬ್ಬಿನ ತುಂಬ ಹತ್ತಿಯ ಎಳೆಗಳಿರುತ್ತಿದ್ದವು. ಚಾಚಿ ನಮ್ಮ ಹಾಗೆಯೇ ಕನ್ನಡ ಮಾತಾಡುತ್ತಿದ್ದಳು, ನಮ್ಮವ್ವನ ಹಾಗೆಯೇ ತಲೆಯ ಮೇಲೆ ಸೆರಗು ಹೊದೆಯುತ್ತಿದ್ದಳು. ಬೆಂಕಿ, ಮೊಸರಿನ ಹೆಪ್ಪು, ಸುದ್ದಿ ಎಲ್ಲವೂ ಆ ಗೋಡೆಯ ಮೇಲೆ ದಾಟುತ್ತಿದ್ದವು. ಅವ್ವ ಮತ್ತು ಚಾಚಿ ಗೋಡೆಗೆ ಮೊಳಕೈ ಊರಿ ನಿಂತರೆಂದರೆ ಒಲೆಯ ಮೇಲಿನ ಸಾರು ಬತ್ತಿ ಚಟ್ನಿಯಾಗುತ್ತಿತ್ತು.

ಆದರೆ ಆ ಗೋಡೆಗೆ ಒಂದು ಕಾಯಿದೆ ಇತ್ತು. ಅವರ ಹಬ್ಬಕ್ಕೆ ಶಾವಿಗೆ, ಸಕ್ಕರೆ, ಖೋಬ್ರಿ, ಖಾರೀಕು ಎಂಬ ಒಣಖರ್ಜೂರ ನಮ್ಮ ಮನೆಗೆ ಬರುತ್ತಿದ್ದವು, ಎಲ್ಲವೂ ಬೇಯಿಸದೆ. ನಾವೇ ಕುದಿಸಿಕೊಂಡು ತಿನ್ನುತ್ತಿದ್ದೆವು. ನಮ್ಮಿಂದ ಹೋಳಿಗೆ ಮಾತ್ರ ಬೇಯಿಸಿಯೇ ಹೋಗುತ್ತಿತ್ತು. ಅವರ ಮನೆಯಲ್ಲಿ ಬೆಂದದ್ದು ನಮ್ಮ ಹೊಸ್ತಿಲು ದಾಟುವ ಹಾಗಿರಲಿಲ್ಲ, ಚಾಚಿಯೂ ನಮ್ಮ ಅಡುಗೆಮನೆಗೆ ಬರುವ ಹಾಗಿರಲಿಲ್ಲ. ಆ ಕಾಯಿದೆಯನ್ನು ಕಾಯುತ್ತಿದ್ದವಳು ಆಯಿ. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಎರಡೂ ಕಣ್ಣಿಗೆ ಪೊರೆ. ಮೇಲು ಕೀಳು ಇಲ್ಲವೆಂಬ ಶರಣರ ಮಾತುಗಳು ಅವಳಿಗೆ ಬಾಯಿಪಾಠ. ಸಂಜೆ ಪಡಸಾಲೆಯಲ್ಲಿ ಅವನ್ನು ಭಕ್ತಿಯಿಂದ ಹಾಡುತ್ತಿದ್ದಳು. ಬೆಳಗಾದರೆ ಅಡುಗೆಮನೆಯ ಬಾಗಿಲಲ್ಲಿ ಪಹರೆ ಕೂತಿರುತ್ತಿದ್ದಳು. ಇದು ಹೇಗೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಖರೆ ಹೇಳಬೇಕೆಂದರೆ ಕೇಳಬೇಕೆಂದು ನನಗೆ ಹೊಳೆದೂ ಇರಲಿಲ್ಲ.

ಆ ವರ್ಷ ಜೋಳದ ರಾಶಿ ಮತ್ತು ಅಕ್ಕನ ಪರೀಕ್ಷೆ ಒಟ್ಟಿಗೇ ಬಂದವು. ಕಣದಲ್ಲಿ ಹತ್ತು ಆಳುಗಳು. ಅವರಿಗೆ ಬೆಳಗಿನ ನ್ಯಾರಿಗೊಂದು ಬುಟ್ಟಿ, ಮಧ್ಯಾಹ್ನದ ಊಟಕ್ಕೊಂದು ಬುಟ್ಟಿ ರೊಟ್ಟಿ ಹೋಗಬೇಕು. ಪರೀಕ್ಷೆಗೆ ಎರಡು ದಿನವಿದೆ ಎನ್ನುವಾಗ ಅವ್ವ ಬಾವಿಯ ಹತ್ತಿರ ಕೊಡ ಸಮೇತ ಜಾರಿ ಬಿದ್ದಳು. ಬಲಗೈ ಮುರಿಯಿತು. ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಬಂದು, ಕಂಬಕ್ಕೆ ಒರಗಿ, ಎಡಗೈಯಿಂದ ಬಲಗೈ ಹಿಡಿದುಕೊಂಡು ಕೂತಳು. ಸುಗ್ಗಿಯಲ್ಲಿ ಯಾರ ಮನೆಯ ಹೆಂಗಸೂ ಖಾಲಿ ಇರುವುದಿಲ್ಲ. ಆಯಿಗೆ ಕಣ್ಣು ಕಾಣುವುದಿಲ್ಲ. ಉಳಿದವಳು ಅಕ್ಕ.

ಪರೀಕ್ಷೆಯ ಹಿಂದಿನ ಸಂಜೆ ಅಪ್ಪ ಕಣದಿಂದ ಬಂದು, ಕಾಲು ತೊಳೆದು, ಹೇಳಿಯೇಬಿಟ್ಟ.

"ಒಂದ ವರ್ಷ ಬಿಟ್ರ ಏನಾಕ್ಕೈತಿ? ಮುಂದಿನ ವರ್ಷ ಬರೀತಾಳ."

ಮುಂದಿನ ವರ್ಷದ ಹೊತ್ತಿಗೆ ಅಕ್ಕನ ಮದುವೆ ಆಗಿರುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು, ಅದಕ್ಕೇ ಅವನು ಗೋಡೆ ನೋಡುತ್ತ ಮಾತಾಡಿದ. ಅಕ್ಕ ಅಳಲಿಲ್ಲ. "ನಾಕಕ್ಕ ಎದ್ದು ನ್ಯಾರಿದು ಅಷ್ಟೂ ಬಡದ ಇಡ್ತೇನಿ, ಅಪ್ಪಾ. ಎಂಟರ ಬಸ್ಸಿಗೆ ಹೋಗ್ತೇನಿ," ಅಂದಳು.

"ಮಧ್ಯಾಹ್ನದ್ದು ಯಾರು ಬಡೀಬೇಕು?"

"ಮುರದದ್ದು ನನ್ನ ಕೈರಿ," ಅವ್ವ ಕಂಬದ ಹತ್ತಿರದಿಂದ ಅಂದಳು. "ಆಕಿ ಯಾಕ ಮನ್ಯಾಗ ಕೂಡಬೇಕು?" ಅವ್ವ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಗೋಡೆಯಾಚೆಯಿಂದ ಚಾಚಿಯ ದನಿ ಬಂತು. ನಮ್ಮ ಮನೆಯ ಮಾತು ಅವಳಿಗೆ ಕೇಳಿಸದೇ ಇರುತ್ತದೆಯೇ! "ನಾ ಬಡದ ಕೊಡ್ತೇನಿ ತಗೋರಿ. ನಮಗೇನು ಹೊಲಾ ಐತೋ, ರಾಶಿ ಐತೋ?"

"ಬ್ಯಾಡವಾ," ಅಂದಳು ಆಯಿ. ಸಿಟ್ಟಿನಿಂದಲ್ಲ, ಮಳೆ ಬರುವ ಹಾಗಿಲ್ಲ ಎನ್ನುವಷ್ಟು ಸಹಜವಾಗಿ. ಚಾಚಿಯೂ ಮತ್ತೆ ಕೇಳಲಿಲ್ಲ.

ಅಪ್ಪನಿಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ಅದನ್ನು ತೀರಿಸಿಕೊಳ್ಳಲು ನಾನು ಸಿಕ್ಕೆ. ಕದದ ಹತ್ತಿರ ಬಾಯಿ ತೆರೆದು ನಿಂತಿದ್ದವನನ್ನು ನೋಡಿ, "ಏನಲೇ, ನೀ ಬಡೀತೀಯೇನು ರೊಟ್ಟಿ?" ಅಂದ.

"ಬಡೀತೇನಿ," ಅಂದೆ ನಾನು.

ಎಲ್ಲಿಂದ ಬಂತೋ ಆ ಮಾತು, ಇವತ್ತಿಗೂ ನನಗೆ ತಿಳಿಯದು. ಅಕ್ಕನ ಮುಖ ನೋಡುತ್ತಿದ್ದೆ, ಅಷ್ಟು ನೆನಪಿದೆ. ಅಪ್ಪ ಜೋರಾಗಿ ನಕ್ಕ. ನಾನು ನಗಲಿಲ್ಲ. ಅವ್ವನೂ ನಗಲಿಲ್ಲ. ಅಪ್ಪನ ನಗು ಅರ್ಧಕ್ಕೇ ನಿಂತಿತು. "ಆತು, ಬಡಿ. ನಾಳೆ ಬುತ್ತಿ ಬರದಿದ್ರ ನಾಡದ್ದಿಂದ ಆಕಿ ಮನ್ಯಾಗ. ತಿಳೀತಿಲ್ಲೋ?" ಅಂದ. ಹೀಗೆ ಅಕ್ಕನ ಪರೀಕ್ಷೆ ನನ್ನ ಕೈಗೆ ಬಂತು.

ಮರುದಿನ ನಾನು ಎದ್ದಾಗ ಅಕ್ಕ ನ್ಯಾರಿಯ ರೊಟ್ಟಿ ಮುಗಿಸಿದ್ದಳು. ಅಪ್ಪ ಬುಟ್ಟಿ ತೆಗೆದುಕೊಂಡು ಕಣಕ್ಕೆ ಹೋಗಿಯಾಗಿತ್ತು. ಅಡುಗೆಮನೆಯ ತುಂಬ ಜೋಳದ ದಂಟಿನ ಹೊಗೆ, ಕಾದ ಹಂಚಿನ ವಾಸನೆ. ಅಕ್ಕ ತಲೆ ಬಾಚಿಕೊಳ್ಳಲು ಹೋದಳು. ನಾನು ಅಂಗಿಯ ತೋಳು ಮಡಚಿ, ಹಿಟ್ಟು ನಾದುವ ಪರಾತದ ಮುಂದೆ ಕೂತೆ. ಹಿತ್ತಲ ಬಾಗಿಲ ಹೊರಗೆ, ಹೊಸ್ತಿಲಿಗೆ ಸರಿಯಾಗಿ ಒಂದು ಗೇಣು ಬಿಟ್ಟು, ಚಾಚಿ ಬಂದು ಕುಕ್ಕರುಗಾಲಿನಲ್ಲಿ ಕೂತಿದ್ದಳು. ಬಡಿಯುವುದು ಬೇಡವೆಂದಿದ್ದಳು ಆಯಿ, ಬಾಯಿಂದ ಹೇಳುವುದು ಬೇಡವೆಂದಿರಲಿಲ್ಲ.

"ಹಿಟ್ಟ ಹಾಕ್ಕೊ ತಮ್ಮಾ. ನಡುವ ಕುಣಿ ಮಾಡು. ನೀರು ಸಣ್ಣಗ ಬಿಡು, ಸಣ್ಣಗ! ಮುಂಗೈಲೆ ಒತ್ತು. ಒಣಾ ಹಿಟ್ಟ ಕೆಳಗ ಉದುರಸು. ಹೂಂ, ಈಗ ಬಡಿ. ಕೈ ತಿರಗ್ಬೇಕು, ರೊಟ್ಟಿ ತಾನ ತಿರಗ್ತೈತಿ."

ನನ್ನ ಕೈ ತಿರುಗಿತು. ರೊಟ್ಟಿ ತಿರುಗಲಿಲ್ಲ. ಅಂಗೈಯಷ್ಟಗಲ ಆಗುವುದರೊಳಗೆ ಅಂಚು ಬಿರಿದು ನಾಲ್ಕು ಕಡೆ ಸೀಳಿತು. ಕೂಡಿಸಿ ಮತ್ತೆ ಬಡಿದೆ. ಎತ್ತಿ ಹಂಚಿಗೆ ಹಾಕಲು ಹೋದರೆ ಅರ್ಧ ಹಂಚಿನ ಮೇಲೆ, ಅರ್ಧ ಒಲೆಯ ಬೂದಿಯಲ್ಲಿ ಬಿತ್ತು. ಎರಡನೆಯದೂ ಹಾಗೆಯೇ ಆಯಿತು, ಮೂರನೆಯದೂ. ಬೆರಳು ಸುಟ್ಟವು, ಹೊಗೆಗೆ ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಹಿಟ್ಟು. ಇದನ್ನು ಅವ್ವ ದಿನಕ್ಕೆ ನೂರು ಸಲ ಮಾಡುತ್ತಿದ್ದಳಲ್ಲ, ನಾನು ಹೊರಗೆ ಕೂತು ಕೆಮ್ಮುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಐದು ರೊಟ್ಟಿ ಹಾಳಾದವು, ಮೂರು ಮಾತ್ರ ಹೇಗೋ ಬೆಂದವು. ಮೂರಕ್ಕೆ ಮೂರೂ ಸಾಲೆಯ ನಕಾಶೆಯಲ್ಲಿನ ದೇಶಗಳ ಹಾಗಿದ್ದವು.

ಅಕ್ಕ ಪಾಟಿಚೀಲ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಬೂದಿಯಲ್ಲಿ ಬಿದ್ದ ತುಂಡುಗಳನ್ನು ನೋಡಿದಳು, ನನ್ನನ್ನು ನೋಡಿದಳು. ಚೀಲವನ್ನು ಗೂಟಕ್ಕೆ ತೂಗುಹಾಕಿ, ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಕೂತಳು. "ಏಳು, ನಾ ಬಡೀತೇನಿ," ಅಂದಳು. ನಾನು ಏಳಲಿಲ್ಲ. ಎದ್ದರೆ ಪರೀಕ್ಷೆ ಹೋಗುತ್ತದೆ, ಕೂತರೆ ರೊಟ್ಟಿ ಆಗುವುದಿಲ್ಲ. ನಾನು ಗಟ್ಟಿಯಾಗಿ ಅತ್ತುಬಿಟ್ಟೆ.

ಮೂಲೆಯಲ್ಲಿ ಲಿಂಗಪೂಜೆ ಮುಗಿಸಿ ಕೂತಿದ್ದ ಆಯಿಗೆ ಇದಾವುದೂ ಕಾಣುತ್ತಿರಲಿಲ್ಲ. ಆದರೆ ಐವತ್ತು ವರ್ಷ ರೊಟ್ಟಿ ಬಡಿದ ಕಿವಿ ಅದು. ಬಡಿಯುವ ಸದ್ದು ಅರ್ಧಕ್ಕೆ ನಿಲ್ಲುವುದನ್ನು ಅವಳು ಆಗಿನಿಂದ ಎಣಿಸುತ್ತಿದ್ದಳೇನೋ.

"ಹಿಟ್ಟಿಗೆ ಜಿಗಿ ಇಲ್ಲೇನು?" ಅಂತ ಕೇಳಿದಳು.

"ಇಲ್ಲರಿ ಆಯಿ," ಅಂದಳು ಚಾಚಿ ಹೊರಗಿನಿಂದ. "ಚೊಲೋ ಹಿಟ್ಟು ನ್ಯಾರಿಗೇ ತೀರೇತಿ. ಇದು ಹಗೇವಿನ ಜ್ವಾಳದ್ದು." ಹಗೇವು ಎಂದರೆ ಜೋಳ ತುಂಬಿಡುವ ನೆಲದೊಳಗಿನ ಕಣಜ. ಅದರಲ್ಲಿ ಬಹಳ ದಿನ ಇದ್ದ ಜೋಳದ ಹಿಟ್ಟು ಅಂಟುವುದಿಲ್ಲ. "ಕುದಿಯೂ ನೀರು ಹಾಕಿ ನಾದಬೇಕರಿ, ಕೈಯಾಗ ಕಸುವು ಬೇಕು. ಹುಡುಗನ ಕೈಲೆ ಆಗೂದಲ್ಲ." ದನಿ ತಗ್ಗಿಸಿ ಮತ್ತೆ ಹೇಳಿದಳು. "ನನ್ನ ಮಗಳನ್ನ ನಾಕನೇ ಇಯತ್ತೇಕ ಸಾಲಿ ಬಿಡಿಸಿದ್ವಿರಿ. ಆಕಿ ಇಕಿ ಕೂಡೇ ಸಾಲಿಗೆ ಹೊಕ್ಕಿದ್ಲು. ಇಕಿಯರೆ ಬರೀಲಿ ಅಂತ ನನಗ."

ಚಾಚಿಯ ದೊಡ್ಡ ಮಗಳು ಅಕ್ಕನ ವಾರಿಗೆಯವಳು. ಆಗಲೇ ಮದುವೆಯಾಗಿ ಕೆರೂರಿಗೆ ಹೋಗಿದ್ದಳು. ಹುಡುಗಿಯರ ವಿಷಯದಲ್ಲಿ ಮಾತ್ರ ಗೋಡೆಯ ಎರಡೂ ಕಡೆ ಒಂದೇ ಕಾಯಿದೆ ಇತ್ತು.

ಹಂಚಿನ ಮೇಲೆ ಉಳಿದ ಹಿಟ್ಟು ಸೀದು ಹೊಗೆಯಾಡಿತು. ದೂರದ ತಿರುವಿನಲ್ಲಿ ಬಸ್ಸಿನ ಹಾರ್ನು ಕೇಳಿಸಿತು. ಅದು ಅಗಸೆಗೆ, ಊರ ಹೆಬ್ಬಾಗಿಲಿಗೆ, ಬರಲು ಇನ್ನು ಐದು ನಿಮಿಷ.

"ಏ ಹುಡುಗಿ," ಅಂದಳು ಆಯಿ, "ಏಳು. ಚೀಲಾ ತಗೊಂಡು ಓಡು." ಆಮೇಲೆ ಹಿತ್ತಲ ಬಾಗಿಲ ಕಡೆ ಮುಖ ತಿರುಗಿಸಿದಳು. "ನೀ ಒಳಗ ಬಾರವಾ."

ಅಕ್ಕ ಓಡಿದಳು. ಕೈಗೆ ಹತ್ತಿದ ಹಿಟ್ಟು ಕೂಡ ತೊಳೆದುಕೊಳ್ಳಲಿಲ್ಲ. ಆದರೆ ಚಾಚಿ ಕೂತಲ್ಲಿಂದ ಅಲುಗಲಿಲ್ಲ. ಇಪ್ಪತ್ತು ವರ್ಷದಿಂದ ಆ ಹೊಸ್ತಿಲಿಗೆ ಒಂದು ಗೇಣು ಬಿಟ್ಟೇ ಕೂತವಳು ಅವಳು. "ಆಯಿ, ನೋಡ್ರಿ ಮತ್ತ. ನಾಳಿಗೆ ಮಂದಿ ಏನರೆ ಅಂದ್ರ..."

"ನಾಳಿದು ನಾಳಿಗೆ. ಇವತ್ತ ಆಕಿದು ಪರೀಕ್ಷಾ ಐತಿ."

ಚಾಚಿ ಎದ್ದು ಹಿತ್ತಲ ಕಲ್ಲಿನ ಮೇಲೆ ಕೈಕಾಲು ತೊಳೆದಳು. ಸೆರಗು ಸರಿಮಾಡಿಕೊಂಡಳು. ದೇವರ ಗುಡಿಯೊಳಗೆ ಕಾಲಿಡುವವಳ ಹಾಗೆ ಮೆಲ್ಲಗೆ ಹೊಸ್ತಿಲು ದಾಟಿದಳು. ಅಷ್ಟೇ. ಆಕಾಶವೇನೂ ಬೀಳಲಿಲ್ಲ. ಪಾತ್ರೆಯಲ್ಲಿ ನೀರು ಕುದಿಸಿದಳು, ಹಿಟ್ಟಿನ ಮೇಲೆ ಸುರಿದು ನಾದಿದಳು. ಅವಳ ಕೈಯಲ್ಲಿ ಅದೇ ಹಿಟ್ಟು ಬೆಣ್ಣೆಯ ಹಾಗಾಯಿತು. ತಪ್ ತಪ್ ತಪ್ ಎಂದು ಮನೆಯ ತುಂಬ ಸದ್ದು. ಕಂಬದ ಹತ್ತಿರ ಅವ್ವ ಕಣ್ಣು ಮುಚ್ಚಿಕೊಂಡು ಅದನ್ನೇ ಕೇಳುತ್ತಿದ್ದಳು. ನನ್ನನ್ನು ಚಾಚಿ ಎಬ್ಬಿಸಲಿಲ್ಲ. "ಮಾತು ಕೊಟ್ಟೀಯಲ್ಲ, ಬಡಿ," ಅಂದಳು. ಅವಳು ಮೂರು ಬಡಿಯುವುದರೊಳಗೆ ನಾನೊಂದು ಬಡಿಯುತ್ತಿದ್ದೆ. ಹತ್ತನೆಯದು ನಿಜವಾಗಿಯೂ ಉಬ್ಬಿತು. ಆ ಉಬ್ಬಿದ ರೊಟ್ಟಿ ನೋಡಿ ಆದ ಸಂತೋಷ ನನಗೆ ಮುಂದೆ ನೌಕರಿ ಸಿಕ್ಕಾಗಲೂ ಆಗಲಿಲ್ಲ.

ಮಧ್ಯಾಹ್ನ ಬುಟ್ಟಿ ಹೊತ್ತು ಕಣಕ್ಕೆ ಹೊರಟೆ. ತಲೆಯ ಮೇಲೆ ಬುತ್ತಿ ಹೊರುವುದೂ ಹೆಂಗಸರ ಕೆಲಸವೇ. ಅಗಸೆಯ ಹತ್ತಿರ ನನ್ನ ಗೆಳೆಯರು, "ಏ ಸೊಸಿ, ಅತ್ತಿ ಬೈದ್ಲೇನು?" ಎಂದು ಕೂಗಿದರು. ಬಗ್ಗಿ ಕಲ್ಲು ಎತ್ತಿ ಎಸೆಯಬೇಕೆನ್ನಿಸಿತು, ಬುಟ್ಟಿ ಬೀಳುತ್ತದೆಂದು ಸುಮ್ಮನೆ ನಡೆದೆ.

ಕಣದಲ್ಲಿ ಆಳುಗಳು ಕೈತೊಳೆದು ಸಾಲಾಗಿ ಕೂತರು. ಬುಟ್ಟಿಯ ಬಟ್ಟೆ ಸರಿಸಿದ ಮುದುಕನೊಬ್ಬ ಬಿದ್ದುಬಿದ್ದು ನಕ್ಕ. "ಏನ್ರಿ ಇದು, ಅರ್ಧ ರೊಟ್ಟಿ ಚಂದ್ರಾಮ ಇದ್ದಂಗ ಅದಾವು, ಅರ್ಧ ರೊಟ್ಟಿ ಇಲಿ ಕಡದಂಗ ಅದಾವು. ಯಾರ ಬಡದಾರ್ರಿ?" ಅಪ್ಪ ನನ್ನ ಕಡೆ ನೋಡಿದ. ಅಕ್ಕನೇ ಎಲ್ಲ ಬಡಿದಿಟ್ಟು ಹೋದಳು ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಸುಳ್ಳು ಹೇಳಿದರೆ ಎಲ್ಲರಿಗೂ ನೆಟ್ಟಗಾಗುತ್ತಿತ್ತು. ಆದರೆ ಬೆಳಗಿನಿಂದ ಸುಟ್ಟ ಬೆರಳುಗಳು ಉರಿಯುತ್ತಿದ್ದವು.

"ಗುಂಡಗ ಇರೂವು ಚಾಚೀವು," ಅಂದೆ. "ಹರದಿರೂವು ನನ್ನೂವು."

ಅಪ್ಪ ನನ್ನ ಬೆರಳುಗಳನ್ನು ನೋಡಿದ. ಹೊಡೆಯುತ್ತಾನೆಂದುಕೊಂಡೆ. ಅವನು ಬಗ್ಗಿ, ಬುಟ್ಟಿಯಿಂದ ಚಾಚಿಯದೊಂದು, ನನ್ನದೊಂದು ರೊಟ್ಟಿ ತೆಗೆದು, ಒಂದರ ಮೇಲೊಂದು ಇಟ್ಟು, ಅಗಸಿ ಚಟ್ನಿ ಹಾಕಿಕೊಂಡು ಮೊದಲ ತುತ್ತು ಬಾಯಿಗಿಟ್ಟ. "ತಿನ್ರಿ, ಆರ್ತಾವು," ಅಂದ. ಎಲ್ಲರೂ ಕೈಹಾಕಿದರು. ಒಬ್ಬ ಮಾತ್ರ ಹುಡುಕಿ ಹುಡುಕಿ ನನ್ನ ಹರಿದ ರೊಟ್ಟಿಗಳನ್ನೇ ಎತ್ತಿಕೊಂಡ. ಅವು ಮುಗಿದವು, ಹಸಿವು ಮುಗಿಯಲಿಲ್ಲ. ಕೊನೆಗೆ ಅವನೂ ಕಣ್ಣುಮುಚ್ಚಿ ಗುಂಡಗಿನದಕ್ಕೆ ಕೈಹಾಕಿದ, ಆಮೇಲೆ ಇನ್ನೆರಡು ಕೇಳಿ ತಿಂದ.

ಮನೆಗೆ ಬಂದರೆ ಆಯಿ ಇನ್ನೂ ಉಂಡಿರಲಿಲ್ಲ. ತಾಟು ಮುಂದಿಟ್ಟೆ. ರೊಟ್ಟಿಯ ಅಂಚನ್ನು ಬೆರಳಿನಿಂದ ಸವರಿ, "ಇದು ಯಾರ ಕೈದು?" ಅಂದಳು. ಚಾಚಿಯದು ಅಂದೆ. "ನಿಂದು ಕೊಡು," ಅಂದಳು. ನನ್ನ ಸೀದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಉಂಡಳು. ನನಗೆ ಬಹಳ ಬೇಸರವಾಯಿತು. ಅಷ್ಟು ಮಾಡಿದವಳು ಇಷ್ಟಕ್ಕೇ ಯಾಕೆ ನಿಂತಳು ಎಂದು ಸಿಟ್ಟೂ ಬಂತು.

ಸಂಜೆ ಆರರ ಬಸ್ಸಿಗೆ ಅಕ್ಕ ಬಂದಳು. ಬೆಳಗ್ಗೆ ಬಸ್ಸು ಸಿಕ್ಕಿತೋ ಇಲ್ಲವೋ ಎಂದು ನಾವು ಅಲ್ಲಿಯವರೆಗೂ ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. ಅವಳ ಬೆರಳ ತುಂಬ ಶಾಯಿ. ಅದನ್ನು ನೋಡಿದ ಅವ್ವ ಒಂದು ಕೈಯಿಂದಲೇ ಅವಳನ್ನು ಎಳೆದು ಅಪ್ಪಿಕೊಂಡಳು. ಅಪ್ಪ ಹಿತ್ತಲಿಗೆ ಹೋಗಿ, ಗಂಟಲು ಸರಿಮಾಡಿಕೊಂಡು, ಗೋಡೆಯಾಚೆಗೆ ಕರೆದ. "ವೈನೀ, ನಾಳಿಗೆ ಸ್ವಲ್ಪ ಲಗೂನ ಬರ್ರಿ." ಅಣ್ಣನ ಹೆಂಡತಿಯನ್ನು ನಾವು ವೈನಿ ಎನ್ನುತ್ತೇವೆ. ಅಪ್ಪ ಚಾಚಿಯನ್ನು ಒಂದು ಸಂಬಂಧ ಹಿಡಿದು ಕರೆದದ್ದೇ ಅದು ಮೊದಲು.

ಆರು ದಿನ ಪರೀಕ್ಷೆ ನಡೆಯಿತು. ಆರು ದಿನವೂ ಚಾಚಿ ಬಂದಳು, ನಾನು ಅವಳ ಪಕ್ಕ ಕೂತು ಬಡಿದೆ. ದಿನವೂ ಆಯಿ ರೊಟ್ಟಿ ಸವರಿ, ಯಾರ ಕೈದು ಎಂದು ಕೇಳುತ್ತಿದ್ದಳು. ಆರನೆಯ ದಿನ ತಾಟಿನಲ್ಲಿ ಇದ್ದದ್ದು ಚಾಚಿಯ ರೊಟ್ಟಿ. ಆಯಿ ಅದನ್ನು ಸವರಿದಳು, ಏನೂ ಕೇಳದೆ ಮುರಿದಳು, ಉಂಡಳು. ಇನ್ನೊಂದು ಹಾಕು ಅಂದಳು. ಆಯಿ ಕೆಟ್ಟವಳಿದ್ದಳೇ ಎಂದು ಮೊಮ್ಮಗಳು ನನ್ನನ್ನು ಕೇಳಿದ್ದಾಳೆ. ಇಲ್ಲಮ್ಮಾ. ಎಪ್ಪತ್ತು ವರ್ಷ ಮುಚ್ಚಿಯೇ ಇದ್ದ ಕದವದು, ತೆರೆಯಲು ಅವಳಿಗೆ ಆರು ದಿನ ಸಾಕಾದವು. ನನಗಂತೂ ಅವಳ ಮೇಲೆ ಈಗ ಪ್ರೀತಿ ಹೆಚ್ಚೇ ಆಗಿದೆ.

ಅಕ್ಕ ಪಾಸಾದಳು, ಮುಂದೆ ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ಸಾಲೆಯ ಬಾಯಾರು, ಅಂದರೆ ಶಿಕ್ಷಕಿ, ಆದಳು. ಅವಳು ನೌಕರಿಗೆ ಸೇರಿದ ವರ್ಷ ಚಾಚಿ ತನ್ನ ಸಣ್ಣ ಮಗಳ ಕೈಹಿಡಿದು ಬಂದು, "ಇಕಿ ಹೆಸರು ಬರಕೊಳ್ರಿ ಬಾಯಾರ. ಇಕಿನ್ನ ನಾ ಬಿಡ್ಸೂದಿಲ್ಲ," ಅಂದಳು. ಬಿಡಿಸಲೂ ಇಲ್ಲ.

ಈಗ ನಾವು ನವನಗರದಲ್ಲಿದ್ದೇವೆ. ಮೊಮ್ಮಗಳೇ, ನೀನು ಮೊನ್ನೆ ಮಾರ್ಚಿನಲ್ಲಿ ಹತ್ತನೆಯ ಪರೀಕ್ಷೆ ಬರೆದಾಗ ಮನೆಯಲ್ಲಿ ಟಿವಿ ಬಂದ್ ಆಗಿತ್ತು. ನಿಮ್ಮಪ್ಪ ಅರ್ಧ ತಾಸು ಮೊದಲೇ ಸ್ಕೂಟರ್ ತೆಗೆದು ನಿಂತಿದ್ದ. ನಿಮ್ಮ ಸಾಲೆಯಲ್ಲಿ ನೀವು ಗೆಳತಿಯರೆಲ್ಲ ಒಬ್ಬರ ಡಬ್ಬಿಗೆ ಒಬ್ಬರು ಕೈಹಾಕಿ ತಿನ್ನುತ್ತೀರಿ, ಚಮಚೆಗಾಗಿ ಜಗಳಾಡುತ್ತೀರಿ. ಇದನ್ನೆಲ್ಲ ನೋಡಿದಾಗ ನನ್ನ ಎದೆ ತುಂಬುತ್ತದೆ. ಆದರೆ ನಿನ್ನ ಪರೀಕ್ಷೆಯ ದಿನ ರೊಟ್ಟಿ ಯಾರು ಬಡಿಯಬೇಕು ಎಂಬ ಪ್ರಶ್ನೆ ಏಳಲಿಲ್ಲ, ಯಾಕೆಂದರೆ ನಿಮ್ಮವ್ವ ಐದಕ್ಕೇ ಎದ್ದಿದ್ದಳು. ಬಡಿದಿಟ್ಟು ಆಫೀಸಿಗೂ ಹೋದಳು.

ಬರುವ ತಿಂಗಳು ನಿಮ್ಮವ್ವನಿಗೆ ಬಡ್ತಿಯ ಪರೀಕ್ಷೆ ಇದೆ. ಅವಳು ಯಾರಿಗೂ ಹೇಳಿಲ್ಲ, ಪುಸ್ತಕವನ್ನು ಅಡುಗೆಮನೆಯ ಡಬ್ಬಿಗಳ ಹಿಂದೆ ಇಟ್ಟುಕೊಂಡು ಓದುತ್ತಿದ್ದಾಳೆ. ನಾನು ನೋಡಿದ್ದೇನೆ. ಅದಕ್ಕೇ ಮೊಮ್ಮಗನೇ, ಆ ಮೊಬೈಲು ಕೆಳಗಿಟ್ಟು ಏಳು. ನಿಮ್ಮಪ್ಪನನ್ನೂ ಕರೆ. ಹಿಟ್ಟು ನಾನು ನಾದಿಕೊಡುತ್ತೇನೆ. ಮೊದಲನೆಯದು ಹರಿದರೆ ಹರಿಯಲಿ.